ಹಿರಿಯರಿಗೆ ಆರೈಕೆಯ ನೆಲೆ ಹುಡುಕುವ ಮುನ್ನ: ಮಾತು, ಕಾಗದ, ಹಣ ಮತ್ತು ರಾತ್ರಿಯ ಭೇಟಿ

ಆರೈಕೆ ಕೇಂದ್ರದ ಹುಡುಕಾಟ ನಮ್ಮಲ್ಲಿ ಹೆಚ್ಚಾಗಿ ಆಸ್ಪತ್ರೆಯ ಓಣಿಯಲ್ಲಿ ಆರಂಭವಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದ ತಾಯಿಯ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿರುತ್ತದೆ, ನಾಡಿದ್ದು ಕರೆದುಕೊಂಡು ಹೋಗಬಹುದು ಎಂದು ವೈದ್ಯರು ಹೇಳಿರುತ್ತಾರೆ, ಮನೆ ಎರಡನೆಯ ಮಹಡಿಯಲ್ಲಿರುತ್ತದೆ, ಮಗ ಡಲ್ಲಾಸ್‌ನಿಂದ ಹತ್ತು ದಿನದ ರಜೆ ಹಾಕಿ ಬಂದಿರುತ್ತಾನೆ. ಆ ಹತ್ತು ದಿನಗಳಲ್ಲಿ ಒಬ್ಬರ ಉಳಿದ ಆಯುಷ್ಯದ ವಾಸಸ್ಥಳ ತೀರ್ಮಾನವಾಗಿಬಿಡುತ್ತದೆ, ಮತ್ತು ಆ ತೀರ್ಮಾನದಲ್ಲಿ ಎಲ್ಲರ ಮಾತೂ ಇರುತ್ತದೆ, ಅಲ್ಲಿ ವಾಸಿಸಬೇಕಾದವರದ್ದೊಂದು ಬಿಟ್ಟು.

ನನ್ನ ಸೋದರತ್ತೆಯ ವಿಷಯದಲ್ಲಿ ನಮ್ಮ ಮನೆಯೂ ಹೀಗೆಯೇ ತಡಮಾಡಿತು. ಮರೆವು ಎರಡು ವರ್ಷದಿಂದ ಕಾಣಿಸುತ್ತಿದ್ದರೂ ವಯಸ್ಸಾಯಿತಲ್ಲ ಎಂದು ಬಿಟ್ಟೆವು. ಕೇಂದ್ರವೊಂದನ್ನು ನೋಡಲು ಹೊರಟಾಗ ಅವರಿಗೆ ತಮಗೇನು ಬೇಕು ಎಂದು ಹೇಳುವ ಶಕ್ತಿ ಉಳಿದಿರಲಿಲ್ಲ. ನಾವು ಉದ್ಯಾನ ಕಾಣುವ ಕೋಣೆ ಆರಿಸಿದೆವು. ಜೀವಮಾನವಿಡೀ ಬೀದಿಬಾಗಿಲಲ್ಲಿ ಕೂತು ಹೋಗುವವರನ್ನೆಲ್ಲ ಮಾತಾಡಿಸಿದ ಹೆಂಗಸಿಗೆ ಆ ಹಸಿರು ಬೇಕಿರಲಿಲ್ಲ, ಜನ ಬೇಕಿತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಆದ್ದರಿಂದ ಈ ಬರಹದಲ್ಲಿ ನಾನು ಹೇಳುವ ಎಲ್ಲ ಕೆಲಸಗಳಿಗೂ ಒಂದೇ ಗಡುವಿದೆ: ಹಿರಿಯರು ತಮ್ಮ ಬಾಯಿಂದ ಹೇಳಬಲ್ಲ, ತಮ್ಮ ಕೈಯಿಂದ ಸಹಿ ಹಾಕಬಲ್ಲ ಕಾಲದೊಳಗೆ ಅವು ಮುಗಿಯಬೇಕು.

ಮಾತು ಎಲ್ಲಿಂದ ಆರಂಭಿಸುವುದು

"ಮುಂದೆ ಎಲ್ಲಿರುತ್ತೀರಿ?" ಎಂಬ ಪ್ರಶ್ನೆ ಹಿರಿಯರ ಕಿವಿಗೆ "ನಿಮ್ಮನ್ನು ಎಲ್ಲಿಗೆ ಸಾಗಿಸೋಣ?" ಎಂದು ಕೇಳಿಸುತ್ತದೆ. ವೃದ್ಧಾಶ್ರಮ ಎಂಬ ಪದಕ್ಕೆ ನಮ್ಮಲ್ಲಿ ಅಂಟಿಕೊಂಡಿರುವ ಅವಮಾನ ಇನ್ನೂ ಪೂರ್ತಿ ಹೋಗಿಲ್ಲ. ನೆಂಟರಿಷ್ಟರು ಏನೆಂದಾರು ಎಂಬ ಅಂಜಿಕೆ ಮಕ್ಕಳಿಗಿಂತ ತಂದೆತಾಯಿಗೇ ಹೆಚ್ಚಿರುತ್ತದೆ. ಆದ್ದರಿಂದ ದಿನಚರಿಯ ಸಣ್ಣ ಪ್ರಶ್ನೆಗಳಿಂದ ಆರಂಭಿಸುವುದು ಮೇಲು. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಹೆದರಿಕೆಯಾಗುತ್ತದೆಯೇ, ಒಬ್ಬರೇ ಇರುವ ಮಧ್ಯಾಹ್ನ ಹೇಗೆ ಕಳೆಯುತ್ತದೆ, ಊಟ ಬೇರೆಯವರು ಮಾಡಿಕೊಟ್ಟರೆ ಒಗ್ಗುತ್ತದೆಯೇ, ಕೋಣೆಯನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವುದು ಕಷ್ಟವೋ ಅಥವಾ ಒಂಟಿಯಾಗಿ ಮಲಗುವುದೇ ಕಷ್ಟವೋ ಎಂದು ಕೇಳಿದರೆ, ನೇರ ಪ್ರಶ್ನೆಗೆ ಸಿಗದ ಉತ್ತರಗಳು ತಾವಾಗಿ ಬರುತ್ತವೆ. ಇದು ಒಂದು ಕೂಟದಲ್ಲಿ ಮುಗಿಯುವ ಮಾತಲ್ಲ. ಮಕ್ಕಳೆಲ್ಲ ಸೇರುವ ಹಬ್ಬದ ದಿನ ಎಲ್ಲರೆದುರು ಎತ್ತುವ ಮಾತೂ ಅಲ್ಲ. ಹಿರಿಯರು ಯಾರನ್ನು ಹೆಚ್ಚು ನಂಬುತ್ತಾರೋ ಅವರೊಬ್ಬರೇ ಕೂತು ಆಡಬೇಕಾದ ಮಾತು.

ನಿಜವಾಗಿ ಎಷ್ಟು ಸಹಾಯ ಬೇಕು

ವಯಸ್ಸು ಎಷ್ಟೆಂಬುದು ಆರೈಕೆಯ ಅಗತ್ಯವನ್ನು ಹೇಳುವುದಿಲ್ಲ. ವೃದ್ಧವೈದ್ಯರು ನೋಡುವುದು ಆರು ಮೂಲ ಕೆಲಸಗಳನ್ನು: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಹಿಡಿತ, ಊಟ. ಇವಕ್ಕಿಂತ ಮೊದಲೇ ಸಡಿಲವಾಗುವ ಕೆಲಸಗಳು ಬೇರೆ ಇವೆ. ಮಾತ್ರೆಗಳನ್ನು ಸರಿಯಾಗಿ ನುಂಗುವುದು, ಹಣದ ಲೆಕ್ಕ, ಅಡುಗೆ, ಫೋನು, ಒಬ್ಬರೇ ಹೊರಗೆ ಹೋಗಿಬರುವುದು. ಒಂದು ವಾರ ಹಿರಿಯರ ಜೊತೆಗಿದ್ದು, ಪ್ರತಿಯೊಂದರ ಎದುರು ತಾವೇ ಮಾಡುತ್ತಾರೆ, ಹತ್ತಿರ ಒಬ್ಬರು ನಿಂತಿರಬೇಕು, ಕೈಹಿಡಿದು ಮಾಡಿಸಬೇಕು ಎಂಬ ಮೂರರಲ್ಲಿ ಒಂದನ್ನು ಬರೆದರೆ ಸ್ಪಷ್ಟ ಚಿತ್ರ ಸಿಗುತ್ತದೆ. ವಾರಾಂತ್ಯಕ್ಕೆ ಬಂದುಹೋಗುವ ಮಕ್ಕಳಿಗೆ ಈ ಚಿತ್ರ ಸಿಗುವುದಿಲ್ಲ, ಏಕೆಂದರೆ ಮಕ್ಕಳು ಬಂದ ಎರಡು ದಿನ ತಂದೆತಾಯಿ ಮೈಯೆಲ್ಲ ಗಟ್ಟಿ ಮಾಡಿಕೊಂಡು ಚೆನ್ನಾಗಿಯೇ ಇರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗೊಂದಲ, ಮರೆವು, ನಡಿಗೆಯ ತೊಡಕು ಇವೆಲ್ಲ ಮರೆವಿನ ಕಾಯಿಲೆಯೇ ಆಗಿರಬೇಕಿಲ್ಲ. ಬಿ12 ಜೀವಸತ್ವದ ಕೊರತೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಸಾಮಾನ್ಯ. ಥೈರಾಯ್ಡ್ ಕುಂದುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಖಿನ್ನತೆ, ಹಳೆಯ ಪೆಟ್ಟಿನಿಂದ ಮಿದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ಸೇರಿದ ರಕ್ತ, ಒಂದಕ್ಕೊಂದು ಹೊಂದದ ನಿದ್ದೆಮಾತ್ರೆಗಳು, ಇವೆಲ್ಲವೂ ಅದೇ ಚಿತ್ರವನ್ನು ತೋರಿಸಬಲ್ಲವು, ಮತ್ತು ಇವುಗಳಲ್ಲಿ ಬಹುಪಾಲಿಗೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯಕೀಯ ಸೇವೆ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಊರಿನ ನಂಬಿಕೆಯ ವೈದ್ಯರಲ್ಲಿಯೇ ಈ ಪರೀಕ್ಷೆಗಳನ್ನು ಮಾಡಿಸಬಹುದು. ಇದನ್ನು ಮಾಡಿಸದೆ ಯಾರನ್ನೂ ಮನೆ ಬಿಡಿಸಬಾರದು.

ಅಗತ್ಯ ತಿಳಿದ ಮೇಲೆ ನೆಲೆಯ ಬಗೆ ತಿಳಿಯುತ್ತದೆ. ಆರೋಗ್ಯವಾಗಿರುವವರು ಮನೆ ಕೊಂಡು ಅಥವಾ ಬಾಡಿಗೆಗೆ ಹಿಡಿದು ಇರುವ ಹಿರಿಯರ ವಸತಿ ಸಮುಚ್ಚಯ ಒಂದು ಬಗೆ. ಸ್ನಾನ, ಮಾತ್ರೆ, ಓಡಾಟಕ್ಕೆ ದಿನವಿಡೀ ನೆರವು ಕೊಡುವ ನೆರವಿನ ವಸತಿ ಇನ್ನೊಂದು. ಮರೆವಿನ ಕಾಯಿಲೆಯವರಿಗೆ ಮೀಸಲಾದ ಕೇಂದ್ರ ಬೇರೆಯೇ ಕೌಶಲದ ಜಾಗ. ಗುಣವಾಗದ ಕ್ಯಾನ್ಸರ್‌ನ ಕೊನೆಯ ಘಟ್ಟದಲ್ಲಿರುವವರಿಗೆ ಬೆಂಗಳೂರಿನ ಕರುಣಾಶ್ರಯ 1999ರಿಂದ ಹಣ ಪಡೆಯದೆ ಉಪಶಾಮಕ ಆರೈಕೆ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆ ನೀಡುತ್ತಿದೆ. ಇನ್ನು ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದು ಎಂದು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007 ಹೇಳುತ್ತದೆ. ಯಾವುದೆಲ್ಲಿದೆ ಎಂದು ತಿಳಿಯಲು ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಮನೆಯಲ್ಲಿಯೇ ಉಳಿಯುವುದು ಸಾಧ್ಯವಿದ್ದರೆ ಅದೇ ಮೊದಲ ಆಯ್ಕೆಯಾಗಿರಲಿ. ಬಚ್ಚಲಿಗೆ ಹಿಡಿಕಂಬಿ, ಜಾರದ ನೆಲ, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿದೀಪ, ಹೊಸ್ತಿಲಿಗೆ ಇಳಿಜಾರು, ಹಗಲಿಗೊಬ್ಬ ಸಹಾಯಕಿ, ಇಷ್ಟರಿಂದಲೇ ವರ್ಷಗಳು ಸಾಗಿದ ಮನೆಗಳನ್ನು ಕಂಡಿದ್ದೇನೆ.

ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಆಗಬೇಕಾದ ಕಾಗದಗಳು

ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರದ ಬಗ್ಗೆ ಬಹಳ ಕುಟುಂಬಗಳು ನಂಬಿಕೊಂಡಿರುವ ಒಂದು ತಪ್ಪು ಕಲ್ಪನೆಯಿಂದ ಆರಂಭಿಸುತ್ತೇನೆ. "ಜಿಪಿಎ ಮಾಡಿಸಿದ್ದೇವಲ್ಲ, ಅಪ್ಪನಿಗೆ ಏನಾದರೂ ಆದರೆ ಅದರಿಂದ ಎಲ್ಲ ನಡೆಯುತ್ತದೆ" ಎನ್ನುತ್ತಾರೆ. ನಡೆಯುವುದಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 201ನೆಯ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅಧಿಕಾರವೂ ಅಲ್ಲಿಗೇ ಕೊನೆಗೊಳ್ಳುತ್ತದೆ. ಅಂದರೆ ಆ ಕಾಗದ ಅತ್ಯಂತ ಅಗತ್ಯವಾಗುವ ಹೊತ್ತಿನಲ್ಲಿಯೇ ಅದು ಕೆಲಸಕ್ಕೆ ಬಾರದು. ಆಮೇಲೆ ಆಸ್ತಿ, ಠೇವಣಿ ಮುಟ್ಟಲು ಹೈಕೋರ್ಟಿನಲ್ಲಿ ಪಾಲಕತ್ವ ಕೋರಬೇಕಾಗುತ್ತದೆ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೇಂದ್ರದ ಶುಲ್ಕವಂತೂ ತಿಂಗಳ ಮೊದಲ ವಾರವೇ ಕಟ್ಟಬೇಕು. ಆದ್ದರಿಂದ ಹಿರಿಯರು ಒಪ್ಪಿದರೆ, ಆರೈಕೆಗೆ ಬೇಕಾಗುವಷ್ಟು ಹಣವನ್ನಾದರೂ ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಬದುಕುಳಿದವರು ತೆಗೆಯಬಹುದಾದ ಜಂಟಿ ಖಾತೆಯಲ್ಲಿ ಇರಿಸುವುದು ಸರಳ ದಾರಿ. ಜಂಟಿಯಾಗಿ ಸೇರುವವರು ಯಾರು ಎಂಬುದನ್ನು ಉಳಿದ ಮಕ್ಕಳಿಗೂ ತಿಳಿಸಿಯೇ ಮಾಡಬೇಕು. ಮುಚ್ಚಿಟ್ಟ ಜಂಟಿ ಖಾತೆಗಳು ಒಡಹುಟ್ಟಿದವರನ್ನು ಒಡೆದಿರುವಷ್ಟು ಬೇರೆ ಯಾವುದೂ ಒಡೆದಿಲ್ಲ ಎಂದು ನನ್ನ ಅನುಭವ. ಬ್ಯಾಂಕ್ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದಾಗಿದೆ. ಆದರೆ ನಾಮಿನಿ ಹಣ ಪಡೆಯುವವರಷ್ಟೇ, ಅದರ ಒಡೆಯರಲ್ಲ. ಒಡೆತನ ಉಯಿಲಿನಿಂದ ಅಥವಾ ವಾರಸುದಾರಿಕೆಯ ಕಾನೂನಿನಿಂದ ತೀರ್ಮಾನವಾಗುತ್ತದೆ.

ಉಯಿಲಿಗೆ ಛಾಪಾ ಕಾಗದವಾಗಲಿ ನೋಂದಣಿಯಾಗಲಿ ಕಡ್ಡಾಯವಲ್ಲ. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆ ಇಬ್ಬರೂ ಆಸ್ತಿ ಪಡೆಯುವವರಾಗಿರದಿದ್ದರೆ ಒಳ್ಳೆಯದು. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು, ಜೊತೆಗೆ ಅಂದಿನ ದಿನಾಂಕದ ವೈದ್ಯರ ಪತ್ರವೊಂದನ್ನು ಇಟ್ಟುಕೊಳ್ಳುವುದು ಮುಂದಿನ ವ್ಯಾಜ್ಯವನ್ನು ಬಹಳ ಮಟ್ಟಿಗೆ ತಡೆಯುತ್ತದೆ.

ಮನೆಯನ್ನು ಜೀವಿತಕಾಲದಲ್ಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಅವಸರಪಡಬಾರದು. ಮಾಡಲೇಬೇಕಾದರೆ, ದಾನ ಪಡೆದವರು ಕೊಟ್ಟವರ ಮೂಲ ಅಗತ್ಯಗಳನ್ನು ಪೂರೈಸಬೇಕು ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. 2007ರ ಅಧಿನಿಯಮದ 23ನೆಯ ಸೆಕ್ಷನ್ ಅಂಥ ಷರತ್ತು ಮುರಿದಾಗ ಹಸ್ತಾಂತರವನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ. ಷರತ್ತಿದ್ದುದನ್ನು ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಈ ಕಾನೂನನ್ನು ಹಿರಿಯರ ಹಿತ ಕಾಯುವಂತೆ ಉದಾರವಾಗಿ ಅರ್ಥೈಸಬೇಕು ಎಂದಿತು. ಉದಾರತೆಯನ್ನು ನೆಚ್ಚುವುದಕ್ಕಿಂತ ಬರವಣಿಗೆಯನ್ನು ನೆಚ್ಚುವುದು ಸುರಕ್ಷಿತ. ಕರ್ನಾಟಕದಲ್ಲಿ ಈ ದೂರುಗಳನ್ನು ಕೇಳುವ ನ್ಯಾಯಮಂಡಳಿಯ ಅಧ್ಯಕ್ಷರು ಉಪವಿಭಾಗಾಧಿಕಾರಿಗಳು.

ಕೊನೆಯದಾಗಿ, ಮುಂಗಡ ವೈದ್ಯಕೀಯ ನಿರ್ದೇಶನ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಉಸಿರಾಟದ ಯಂತ್ರ, ಕೃತಕ ಜೀವರಕ್ಷಣೆ ಬೇಕೇ ಬೇಡವೇ ಎಂಬುದನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ತೀರ್ಮಾನಿಸಬೇಕಾದವರ ಹೆಸರುಗಳನ್ನು ಅದರಲ್ಲಿ ಸೂಚಿಸಬೇಕು. ಇದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು. ಈ ಮಾತನ್ನು ಎತ್ತುವುದು ಅಪಶಕುನವೆಂದು ಮಕ್ಕಳು ಹಿಂಜರಿಯುತ್ತಾರೆ. ಎತ್ತಿ ನೋಡಿದರೆ, ಹಿರಿಯರು ಅದರ ಬಗ್ಗೆ ಎಂದೋ ಯೋಚಿಸಿ ಇಟ್ಟುಕೊಂಡಿರುವುದು ತಿಳಿಯುತ್ತದೆ.

ಹಣದ ಲೆಕ್ಕ

ಕೇಂದ್ರದವರು ಹೇಳುವ ತಿಂಗಳ ಶುಲ್ಕ ಲೆಕ್ಕದ ಆರಂಭವಷ್ಟೇ. ತಿಂಗಳಿಗೆ 45,000 ರೂಪಾಯಿ ಎಂದುಕೊಳ್ಳೋಣ. ವರ್ಷಕ್ಕೆ ಶೇಕಡ 8ರಂತೆ ಏರಿದರೆ ಒಂಬತ್ತು ವರ್ಷದಲ್ಲಿ ಅದು 90,000 ಆಗುತ್ತದೆ. ಇತ್ತ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ 30 ಲಕ್ಷ ರೂಪಾಯಿ, ಶೇಕಡ 8.2ರ ದರದಲ್ಲಿ ಅದರಿಂದ ಮೂರು ತಿಂಗಳಿಗೆ 61,500, ಅಂದರೆ ತಿಂಗಳಿಗೆ 20,500 ಬರುತ್ತದೆ, ಮತ್ತು ಆ ಆದಾಯ ಏರುವುದಿಲ್ಲ. ಪಿಂಚಣಿ, ಮನೆಯ ಬಾಡಿಗೆ, ಮಕ್ಕಳ ಪಾಲು ಸೇರಿಸಿ ಹದಿನೈದು ವರ್ಷಕ್ಕೆ ಲೆಕ್ಕ ಹಾಕಬೇಕು. ಐದು ವರ್ಷಕ್ಕೆ ಲೆಕ್ಕ ಹಾಕುವುದು ಹಿರಿಯರ ಆಯುಷ್ಯವನ್ನು ನಾವೇ ಮೊಟಕುಗೊಳಿಸಿದಂತೆ. ಮಕ್ಕಳ ಪಾಲು ಎಷ್ಟೆಷ್ಟು ಎಂಬುದನ್ನು ಈಗಲೇ ಬರೆದಿಟ್ಟರೆ, ಮುಂದೆ ಯಾರೂ ಯಾರನ್ನೂ ಕೇಳುವ ಪ್ರಸಂಗ ಬರುವುದಿಲ್ಲ.

ಆರೋಗ್ಯ ವಿಮೆಗೆ 65 ವರ್ಷ ದಾಟಿದ ಕಾರಣಕ್ಕೇ ಅರ್ಜಿ ತಿರಸ್ಕರಿಸುವ ಪದ್ಧತಿ 2024ರ ಏಪ್ರಿಲ್‌ನಿಂದ ಇಲ್ಲ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ಮೂರು ವರ್ಷಕ್ಕೆ ಇಳಿದಿದೆ. ಆದರೆ ವಿಮೆ ಆಸ್ಪತ್ರೆಯ ಖರ್ಚಿಗೆ. ಸಾಮಾನ್ಯವಾಗಿ ಕೇಂದ್ರದ ತಿಂಗಳ ಶುಲ್ಕ ಅದರಲ್ಲಿ ಬರುವುದಿಲ್ಲ. ಪಿಂಚಣಿದಾರರಾದರೆ ಪ್ರತಿ ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಕೇಂದ್ರದಿಂದಲೇ ಮುಖ ಗುರುತಿನ ಮೂಲಕ ಸಲ್ಲಿಸಬಹುದು. ಇದರ ಹೊಣೆ ಯಾರದೆಂದು ಒಬ್ಬರ ಹೆಸರು ಬರೆದಿಡಬೇಕು.

ಕೇಂದ್ರವನ್ನು ನೋಡುವ ಬಗೆ

ಮೊದಲ ಭೇಟಿ ಹಗಲಿನಲ್ಲಿ, ಹೇಳಿಯೇ ಹೋಗುವುದು ಸರಿ. ಎರಡನೆಯದನ್ನು ಭಾನುವಾರ ಸಂಜೆ ಏಳರ ಮೇಲೆ, ಹೇಳದೆ ಮಾಡಬೇಕು. ಸ್ವಾಗತಕೋಣೆಯ ಹೂಕುಂಡ ಹಗಲಿನಲ್ಲಿ ಕಾಣುತ್ತದೆ, ಆರೈಕೆ ರಾತ್ರಿ ಕಾಣುತ್ತದೆ. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಸಹಾಯಕರು, ಅವರ ಕೈಯಲ್ಲಿ ಎಷ್ಟು ಮಂದಿ ಹಿರಿಯರು, ಅವರಲ್ಲಿ ತರಬೇತಾದ ದಾದಿ ಎಷ್ಟು, ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿ, ಆಮೇಲೆ ಒಪ್ಪಿಗೆ ಪಡೆದು ಒಮ್ಮೆ ಗಂಟೆ ಒತ್ತಿಯೇ ನೋಡಬೇಕು. ಸಂಜೆಯ ಹೊತ್ತಿಗೇ ಎಲ್ಲರೂ ಮಂಪರಿನಲ್ಲಿದ್ದರೆ ಯಾವ ಮಾತ್ರೆ, ಯಾರ ಸಲಹೆಯ ಮೇಲೆ ಕೊಡುತ್ತಾರೆ ಎಂದು ವಿಚಾರಿಸಬೇಕು.

ಮೂಗನ್ನು ನಂಬಬಹುದು. ಮೂತ್ರದ ಹಳೆಯ ವಾಸನೆ ಒಂದು ಕೋಣೆಯಲ್ಲಿದ್ದರೆ ಅದು ಅಂದಿನ ಅವಘಡ. ಓಣಿಯಿಡೀ ಇದ್ದರೆ ಅದು ರೂಢಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆಯೇ, ಅದನ್ನು ಬರೆದಿಡುವ ಪಟ್ಟಿ ಎಲ್ಲಿದೆ, ಕಳೆದ ಆರು ತಿಂಗಳಲ್ಲಿ ಎಷ್ಟು ಮಂದಿಗೆ ಹಾಸಿಗೆ ಹುಣ್ಣಾಗಿದೆ, ಎಷ್ಟು ಮಂದಿ ಬಿದ್ದಿದ್ದಾರೆ ಎಂದು ಕೇಳಿದರೆ, ಒಳ್ಳೆಯ ಕೇಂದ್ರದವರು ದಾಖಲೆ ತೆಗೆದು ತೋರಿಸುತ್ತಾರೆ. ಒಬ್ಬರೂ ಬಿದ್ದಿಲ್ಲ ಎಂಬ ಉತ್ತರವನ್ನು ನಾನು ನಂಬುವುದಿಲ್ಲ. ಹಿರಿಯರಿರುವ ಕಡೆ ಬೀಳುವುದು ಇದ್ದೇ ಇರುತ್ತದೆ, ಅಥವಾ ಅಲ್ಲಿ ಯಾರನ್ನೂ ಎದ್ದು ಓಡಾಡಲು ಬಿಡುತ್ತಿಲ್ಲ. ಶುಶ್ರೂಷೆ, ಚಿಕಿತ್ಸೆ ಕೊಡುತ್ತೇವೆ ಎನ್ನುವವರಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ, ಅಂದರೆ ಕೆಪಿಎಂಇ, ನೋಂದಣಿ ಪತ್ರವನ್ನು ಕೇಳಬೇಕು. ಹತ್ತಿರದ ತುರ್ತು ಚಿಕಿತ್ಸೆಯ ಆಸ್ಪತ್ರೆಗೆ ಬೆಂಗಳೂರಿನ ಸಂಜೆಯ ಸಂಚಾರದಲ್ಲಿ ಎಷ್ಟು ಹೊತ್ತು ಬೇಕು ಎಂಬುದನ್ನು ಕಾರಿನಲ್ಲಿ ಹೋಗಿಯೇ ತಿಳಿಯಬೇಕು.

ಭಾಷೆಯ ವಿಷಯವನ್ನು ಕುಟುಂಬಗಳು ಕಡೆಗಣಿಸುತ್ತವೆ, ಅದು ದೊಡ್ಡ ತಪ್ಪು. ನಗರದ ಕೇಂದ್ರಗಳಲ್ಲಿ ಸಹಾಯಕರಾಗಿ ದುಡಿಯುವವರಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದ ಯುವಕ ಯುವತಿಯರು. ಅವರ ಕೈ ಮೃದುವಾಗಿರಬಹುದು, ಆದರೆ "ಹೊಟ್ಟೆ ತೊಳಸ್ತಾ ಇದೆ" ಎಂದರೆ ತಿಳಿಯದು. ಮರೆವಿನ ಕಾಯಿಲೆ ಬೆಳೆದಂತೆ ಅನೇಕರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಮಾಸುತ್ತವೆ. ನಲವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷ್ ಆಡಿದವರು ಕೊನೆಗೆ ತುಳುವಿಗೋ ಕೊಂಕಣಿಗೋ ಹವ್ಯಕ ಕನ್ನಡಕ್ಕೋ ಮರಳುತ್ತಾರೆ. ಪ್ರತಿ ಪಾಳಿಯಲ್ಲಿ ಹಿರಿಯರ ಮಾತು ಬಲ್ಲವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಲೇಬೇಕು. ಊಟವೂ ಹಾಗೆಯೇ. ಮಂಡ್ಯದವರಿಗೆ ಮುದ್ದೆ, ವಿಜಯಪುರದವರಿಗೆ ರೊಟ್ಟಿ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಸಿಗದಿದ್ದರೆ ಅವರು ದೂರುವುದಿಲ್ಲ, ಊಟ ಕಡಿಮೆ ಮಾಡುತ್ತಾರೆ, ಮೂರು ತಿಂಗಳಲ್ಲಿ ತೂಕ ಇಳಿದಿರುತ್ತದೆ. ಒಂದು ದಿನ ಅಲ್ಲಿಯೇ ಕೂತು ಅವರ ಜೊತೆ ಉಂಡು ಬರಬೇಕು.

ಕರಾರಿಗೆ ಸಹಿ ಹಾಕುವ ಮುನ್ನ

ಠೇವಣಿ ಎಷ್ಟು, ಎಷ್ಟು ದಿನದಲ್ಲಿ ಹಿಂದಿರುಗುತ್ತದೆ, ವರ್ಷದ ಏರಿಕೆಗೆ ಮಿತಿಯಿದೆಯೇ, ಜಿಎಸ್‌ಟಿ ಸೇರಿದೆಯೇ, ವಯಸ್ಕರ ಡೈಪರ್, ಫಿಸಿಯೊಥೆರಪಿ, ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಜೊತೆಗಿರುವ ಸಹಾಯಕರ ಕೂಲಿ ಬೇರೆಯೇ ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಆಸ್ಪತ್ರೆಯಲ್ಲಿ ತಿಂಗಳು ಕಳೆದರೆ ಕೋಣೆಯ ಬಾಡಿಗೆ ಪೂರ್ತಿ ಕೊಡಬೇಕೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ, ಸೋದರತ್ತೆಗಾಗಿ ಎರಡು ಕಡೆ ಹಣ ಕಟ್ಟಿದೆವು. ಎಲ್ಲಕ್ಕಿಂತ ಮುಖ್ಯವಾದದ್ದು, ಸ್ಥಿತಿ ಕೆಟ್ಟಾಗ ಏನು ಎಂಬುದು. ಹಿರಿಯರು ಹಾಸಿಗೆ ಹಿಡಿದರೆ, ಮೂಗಿನ ನಳಿಗೆಯಿಂದ ಆಹಾರ ಕೊಡಬೇಕಾದರೆ, ರಾತ್ರಿ ಅಲೆಯತೊಡಗಿದರೆ ಇರಿಸಿಕೊಳ್ಳುತ್ತಾರೆಯೇ, ಇಲ್ಲವಾದರೆ ಎಷ್ಟು ದಿನದ ಸೂಚನೆ ಕೊಡುತ್ತಾರೆ? ಅಲ್ಲಿಯೇ ಪ್ರಾಣ ಹೋದರೆ ಮರಣವನ್ನು ದೃಢೀಕರಿಸುವ ವೈದ್ಯರು ಯಾರು, ವಿದೇಶದಿಂದ ಮಕ್ಕಳು ಬರುವವರೆಗೆ ದೇಹವನ್ನು ಎಲ್ಲಿ ಇಡುತ್ತಾರೆ? ಅಮೆರಿಕದಲ್ಲಿ ಮಧ್ಯರಾತ್ರಿಯಾಗಿರುವಾಗ ಇಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬೇಕಾಗಬಹುದು. ಅದಕ್ಕೆ ಸಹಿ ಹಾಕಬಲ್ಲ, ಒಂದು ಗಂಟೆಯೊಳಗೆ ತಲುಪಬಲ್ಲ ಸ್ಥಳೀಯರೊಬ್ಬರ ಹೆಸರನ್ನು ಅವರ ಒಪ್ಪಿಗೆ ಪಡೆದು ಕರಾರಿನಲ್ಲಿ ಸೇರಿಸಬೇಕು.

ಸಾಧ್ಯವಾದರೆ ಮೊದಲು ಹದಿನೈದು ದಿನ ಅಥವಾ ಒಂದು ತಿಂಗಳ ತಾತ್ಕಾಲಿಕ ವಾಸಕ್ಕೆ ಒಪ್ಪಿಸಬೇಕು. ಮನೆಯನ್ನು ಆ ಅವಧಿಯಲ್ಲಿ ಖಾಲಿ ಮಾಡುವುದಾಗಲಿ ಬಾಡಿಗೆಗೆ ಕೊಡುವುದಾಗಲಿ ಬೇಡ. ಮರಳಿ ಬರುವ ಬಾಗಿಲು ತೆರೆದಿದೆ ಎಂದು ಹಿರಿಯರಿಗೆ ಕಾಣುತ್ತಿರಬೇಕು.

ಹೋದ ಮೇಲೆ

ಮೊದಲ ಆರು ವಾರ ಕಷ್ಟದವು. "ಮನೆಗೆ ಕರೆದುಕೊಂಡು ಹೋಗು" ಎಂಬ ಮಾತು ಪ್ರತಿ ಭೇಟಿಯಲ್ಲೂ ಬರುತ್ತದೆ. ಹೊಂದಿಕೊಳ್ಳಲಿ ಎಂದು ಭೇಟಿ ನಿಲ್ಲಿಸುವುದು ತಪ್ಪು. ಚಿಕ್ಕದಾಗಿ, ಆಗಾಗ, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು. ತಿಂಗಳಿಗೊಮ್ಮೆ ತೂಕ ಬರೆದುಕೊಳ್ಳಬೇಕು, ಕಾಲಿನ ಹಿಮ್ಮಡಿ ಮತ್ತು ಬೆನ್ನಿನ ಕೆಳಭಾಗವನ್ನು ನೋಡಬೇಕು, ಮಾತ್ರೆಗಳ ಪಟ್ಟಿಯನ್ನು ಹಳೆಯದರೊಡನೆ ಹೋಲಿಸಬೇಕು. ಹಾಸಿಗೆಯ ಪಕ್ಕಕ್ಕೆ ಅವರದೇ ಹೊದಿಕೆ, ಅವರದೇ ಲೋಟ, ದೇವರ ಪಟ ಇರಲಿ; ಒಡವೆ ಬೇಡ.

ಸೋದರತ್ತೆಯ ವಿಷಯದಲ್ಲಿ ಮಾಡದ ಒಂದು ಕೆಲಸವನ್ನು ನನ್ನ ತಂದೆಯ ವಿಷಯದಲ್ಲಿ ಮಾಡಿದೆವು. ಅವರಿನ್ನೂ ಸ್ಪಷ್ಟವಾಗಿ ಮಾತಾಡುತ್ತಿದ್ದಾಗ ಒಂದು ಸಂಜೆ ಕೂತು, ನೋಡಿಕೊಳ್ಳುವವರಿಗೆ ತಿಳಿದಿರಬೇಕಾದ್ದನ್ನು ಅವರ ಬಾಯಿಂದಲೇ ಹೇಳಿಸಿ ಒಂದು ಪುಟದಲ್ಲಿ ಬರೆದುಕೊಂಡೆ. ಹಾಸಿಗೆಯ ಬಲಗಡೆಯಿಂದ ಏಳುತ್ತೇನೆ, ಎಡಗಿವಿಗೆ ಕೇಳದು, ಬಲಕ್ಕೆ ಬಂದು ಮಾತಾಡಿ. ಬೆಳಗ್ಗೆ ಕಾಫಿಗಿಂತ ಮೊದಲು ಸ್ನಾನ ಮಾಡಿಸಬೇಡಿ. ಹೆಸರು ಹಿಡಿದು ಕರೆಯಬೇಡಿ, ಮೇಷ್ಟ್ರೇ ಎನ್ನಿ. ಕತ್ತಲಾದ ಮೇಲೆ ಕಿಟಕಿ ಮುಚ್ಚಿ, ಬಾಗಿಲು ಮುಚ್ಚಬೇಡಿ. ಆ ಪುಟವನ್ನು ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು ಬರೆದು ಅವರ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ಸಹಾಯಕರು ಬದಲಾದಾಗಲೆಲ್ಲ ಹೊಸಬರು ಮೊದಲು ಅದನ್ನು ಓದುತ್ತಾರೆ.